ಗ್ರಾಫಿಕ್ ಡಿಸೈನ್ ವ್ಯಾಸಂಗ: ಅರಸೀಕೆರೆ, ಬೇಲೂರು ಭಾಗದವರಿಗೆ ಯಾವ ಕಾಲೇಜು?

ಅರಸೀಕೆರೆ, ಬೇಲೂರು, ಹಳೇಬೀಡು ಭಾಗದಲ್ಲಿ ಪಿಯುಸಿ ಮುಗಿಸಿ ಗ್ರಾಫಿಕ್ ಡಿಸೈನ್ ಓದಬಯಸುವವರು ಕಾಲೇಜುಗಳ ಪಟ್ಟಿಯಲ್ಲಿ ಆ ಹೆಸರನ್ನಷ್ಟೇ ಹುಡುಕಬಾರದು. ದೃಶ್ಯಕಲಾ ಪದವಿಯಲ್ಲಿ ಅದು 'ಅನ್ವಯಿಕ ಕಲೆ' ಎನಿಸಿಕೊಂಡಿದೆ. ಮೈಸೂರಿನ ಸರ್ಕಾರಿ ಕಾಲೇಜು ಕಾವಾ ಹಾಗೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಈ ವಿಭಾಗವಿದ್ದು, ಅರಸೀಕೆರೆ ಜಂಕ್ಷನ್‌ನಿಂದ ಎರಡೂ ನಗರಗಳಿಗೆ ರೈಲು ಸೌಕರ್ಯವಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿರುವುದು ಸ್ನಾತಕೋತ್ತರ ವ್ಯಾಸಂಗ ಮಾತ್ರ.

ಖಾಸಗಿ ಸಂಸ್ಥೆಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ, ಅಲ್ಲಿ ದೊರೆಯುವುದು ವಿಶ್ವವಿದ್ಯಾಲಯದ ಪದವಿಯೋ ಬರಿಯ ಪ್ರಮಾಣಪತ್ರವೋ ಎಂಬುದನ್ನು ಪೋಷಕರು ಲಿಖಿತವಾಗಿ ಕೇಳುವುದು ಒಳಿತು. ಕನ್ನಡ ಅಕ್ಷರ ವಿನ್ಯಾಸ ಕಲಿಸುವರೇ ಎಂದೂ ವಿಚಾರಿಸಬೇಕು. ತಂತ್ರಾಂಶವನ್ನಷ್ಟೇ ಕಲಿಸುವ ತರಬೇತಿಯು ಚಿತ್ರರಚನೆಗೆ ಬದಲಿಯಾಗದು. ಪ್ರವೇಶದ ವೇಳೆ ತೋರಿಸಲು ಸ್ವಂತ ರೇಖಾಚಿತ್ರಗಳಿರಲಿ. ದಾಸೋಜನಂಥ ಶಿಲ್ಪಿಗಳು ಹೆಸರು ಕೊರೆದಿಟ್ಟ ಬೇಲೂರಿನ ಗುಡಿ ಹತ್ತಿರದಲ್ಲೇ ಇರುವಾಗ ಅಭ್ಯಾಸಕ್ಕೆ ವಸ್ತುವಿನ ಕೊರತೆಯೇನಿಲ್ಲ.