ಗಾಡಿ ಏರ್ ಎಳೀತಿದೆ: ಮೈಸೂರು ಯೆಜ್ಡಿಯ ಕಥೆ

1/5
ಫೋಟೋದಲ್ಲಿರೋದು ತಾತನ 1986ರ ಯೆಜ್ಡಿ ರೋಡ್‌ಕಿಂಗ್. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು, 250 ಸಿಸಿ. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ, ಗೊತ್ತಿಲ್ಲದವರಿಗೆ ಸ್ಟಾರ್ಟ್ ಮಾಡೋಕೂ ಬರಲ್ಲ! ಹೋದ ತಿಂಗಳು ಬೇಲೂರು ರಸ್ತೇಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಕೂಗ್ತಾನೇ ಇತ್ತು. ಮನೇಲಿ "ಗುಜರಿಗೆ ಹಾಕು" ಅಂದ್ರು. ತಾತ ಏನೂ ಮಾತಾಡಲಿಲ್ಲ. ಅದಕ್ಕೇ ರಿಪೇರಿಗೆ ಕೈ ಹಾಕಿದೆ.

2/5
ಮೊದಲು ಇದರ ಊರು ತಿಳ್ಕೊಳ್ಳಿ. ಜಾವಾ ಅನ್ನೋ ಹೆಸರು 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ್ದು. ಜಾನೆಚೆಕ್ ಅನ್ನೋ ಮಾಲೀಕನ 'ಜಾ', ವಾಂಡರರ್ ಕಂಪನಿಯ 'ವಾ'. ಮುಂಬೈನ ರುಸ್ತೊಮ್ ಇರಾನಿ, ಫಾರುಖ್ ಇರಾನಿ ಅದನ್ನ ಮೈಸೂರಿಗೆ ತಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಹೆಸರು ಬಂತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ.

3/5
ಹಾಗಾದ್ರೆ ಯಾಕೆ ನಿಂತುಹೋಯ್ತು? ಕಾಮರ್ಸ್‌ನವರು ಗಮನಿಸಿ, ಇದು ಲೆಕ್ಕದ ವಿಷಯ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತೆ, ಸ್ವಲ್ಪ ಪೆಟ್ರೋಲ್ ಉರಿಯದೆಯೇ ಸೈಲೆನ್ಸರ್‌ನಿಂದ ಆಚೆ ಹೋಗುತ್ತೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್, ಒಳ್ಳೇ ಮೈಲೇಜ್. ದಿನಾ ಕೆಲಸಕ್ಕೆ ಹೋಗೋರು ಆ ಕಡೆ ಹೊರಟರು. ಕಾರ್ಮಿಕರ ತಕರಾರು, ಹೊಗೆಯ ಹೊಸ ನಿಯಮಗಳೂ ಸೇರಿ 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ನಮ್ಮೂರುಗಳಲ್ಲೇ ಉಳಿದ್ವು. ಅವುಗಳ ವಿದ್ಯೆ ಹಳೇ ಮೆಕ್ಯಾನಿಕ್‌ಗಳ ಕೈಯಲ್ಲಿ ಉಳೀತು.

4/5
ಅಂಥ ಒಬ್ಬರು ಸದ್ದು ಕೇಳಿಯೇ ಹೇಳಿದ್ರು: "ಏರ್ ಎಳೀತಿದೆ." ನಾನು ಐಡಲ್ ಸ್ಕ್ರೂ ಇಳಿಸಿ ಸರಿಹೋಯ್ತು ಅಂದ್ಕೊಂಡಿದ್ದೆ. ತಪ್ಪು! ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ಸೇರುವ ಕಡೆ ಸಂದು ಇದ್ರೆ ಅಲ್ಲಿಂದ ಕಳ್ಳ ಗಾಳಿ ನುಗ್ಗುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಇಂಜಿನ್ ಕಾಯುತ್ತೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರೋದು ಪೆಟ್ರೋಲ್ ಜೊತೆಗೇ ಅಲ್ವಾ? ಹಾಗಾಗಿ ಆಯಿಲ್ಲೂ ಕಮ್ಮಿ. ಕೊನೆಗೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಓಡ್ತಿರೋವಾಗ ಹಿಂದಿನ ಚಕ್ರ ಲಾಕ್ ಆದ್ರೆ ಏನಾಗುತ್ತೆ, ಯೋಚಿಸಿ.

5/5
ಪರೀಕ್ಷೆ ಸುಲಭ. ಇಂಜಿನ್ ಐಡಲ್‌ನಲ್ಲಿರುವಾಗ ಆ ಸಂದಿಗೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಸದ್ದು ಬದಲಾದ್ರೆ ಲೀಕ್ ಅಲ್ಲೇ. (ಪೆಟ್ರೋಲ್ ಸ್ಪ್ರೇ ಮಾಡ್ಬೇಡಿ, ಬೆಂಕಿ ಹತ್ತುತ್ತೆ.) ನಮ್ಮದರಲ್ಲಿ ಯಾರೋ ನಟ್ಟು ಅತಿಯಾಗಿ ಬಿಗಿ ಮಾಡಿ ಫ್ಲ್ಯಾಂಜ್ ಬಾಗಿಹೋಗಿತ್ತು. ಇನ್ನಷ್ಟು ಬಿಗಿ ಮಾಡಿದ್ರೆ ಇನ್ನಷ್ಟು ಬಾಗುತ್ತೆ. ಗಾಜಿನ ಮೇಲೆ ನೀರುಕಾಗದ ಇಟ್ಟು ಫ್ಲ್ಯಾಂಜ್ ಉಜ್ಜಿ ಸಮ ಮಾಡಿದ್ವಿ, ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದ್ವಿ, ನಟ್ಟುಗಳನ್ನ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿದ್ವಿ. ಇದಕ್ಕೂ ಬಗ್ಗದಿದ್ರೆ ಕ್ರ್ಯಾಂಕ್ ಸೀಲ್ ಹೋಗಿರುತ್ತೆ, ಆಗ ಇಂಜಿನ್ ಬಿಚ್ಚಲೇಬೇಕು. ನಮ್ಮ ಅದೃಷ್ಟ, ಅದು ಬೇಕಾಗಲಿಲ್ಲ.

ನಮ್ಮೂರ ಹೊಯ್ಸಳೇಶ್ವರ ದೇವಸ್ಥಾನದ ಕಲ್ಲುಗಳು ಗಾರೆ ಇಲ್ಲದೇ ಕೂತಿರೋದೂ ಹೀಗೇ, ಮುಖಕ್ಕೆ ಮುಖ ಸರಿಯಾಗಿ ಹೊಂದಿಸಿರೋದ್ರಿಂದ.

ಸಂಜೆ ಸ್ಟಾರ್ಟ್ ಮಾಡ್ದೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಸದ್ದು ಇಳೀತು. ತಾತ ಜಗಲಿಗೆ ಬಂದು ನಿಂತ್ರು.

ನಿಮ್ಮ ಮನೇಲೂ ಟಾರ್ಪಾಲಿನ್ ಕೆಳಗೆ ಇಂಥದ್ದೊಂದು ಇದ್ಯಾ? ಗುಜರಿಯವನನ್ನ ಕರೆಯೋ ಮುಂಚೆ ಒಂದ್ಸಲ ನೀರು ಸ್ಪ್ರೇ ಮಾಡಿ ನೋಡಿ. ಏನಾಯ್ತು ಅಂತ ಕಾಮೆಂಟ್‌ನಲ್ಲಿ ಹೇಳಿ.

#ಯೆಜ್ಡಿ #ಐಡಿಯಲ್‌ಜಾವಾ #ಮೈಸೂರು #ಹಳೇಬೀಡು