ಪಟಾನ್‌ಚೆರುವಿನ ಮನೆಲೆಕ್ಕ

ಹೈದರಾಬಾದಿನಿಂದ ಮುಂಬಯಿಯ ಹೆದ್ದಾರಿ ಹಿಡಿದು ವಾಯವ್ಯಕ್ಕೆ ಸಾಗುವವರಿಗೆ ಎದುರಾಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾಲಯವು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ತಳಿಗಳಿಂದಲೇ ಖ್ಯಾತವಾಗಿದೆಯಾದರೂ, ಅಲ್ಲಿನ ಅರ್ಥಶಾಸ್ತ್ರಜ್ಞರು 1975ರಲ್ಲಿ ಆರಂಭಿಸಿದ ಗ್ರಾಮಾಧ್ಯಯನವು ಆ ತಳಿಗಳಿಗಿಂತ ಕಡಮೆಯ ಸಂಪತ್ತಲ್ಲವೆಂದು ನನ್ನ ಎಣಿಕೆ. ಮಹಬೂಬನಗರದ ಔರೇಪಲ್ಲಿ ಮತ್ತು ದೋಕೂರು, ಸೊಲ್ಲಾಪುರದ ಶಿರಾಪುರ ಮತ್ತು ಕಲ್ಮಣ, ಅಕೋಲಾದ ಕಂಝರಾ ಮತ್ತು ಕಿಂಖೇಡ ಎಂಬ ಆರು ಊರುಗಳಲ್ಲಿ ಊರಿಗೆ 40ರಂತೆ 240 ಮನೆಗಳನ್ನು ಆಯ್ದು, ಅಲ್ಲಿಯೇ ಬಿಡಾರ ಹೂಡಿದ, ಅಲ್ಲಿಯ ನುಡಿಯನ್ನು ಬಲ್ಲ ಪದವೀಧರರು ಮೂರು ನಾಲ್ಕು ವಾರಗಳಿಗೊಮ್ಮೆ ಅದೇ ಹೊಸ್ತಿಲಿಗೆ ಹೋಗಿ, ಏನು ಬಿತ್ತಿದಿರಿ, ಎಷ್ಟು ಕೂಲಿ ಕೊಟ್ಟಿರಿ, ಯಾರಲ್ಲಿ ಸಾಲ ಎತ್ತಿದಿರಿ ಎಂದು ವಿಚಾರಿಸಿ, ಒಂದು ದಶಕದ ಕಾಲ ಹಾಳೆಗಳನ್ನು ತುಂಬುತ್ತ ಹೋದರು.

ಆ 40 ಮನೆಗಳನ್ನು ಭೂಹೀನ ಕೂಲಿಗಳು, ಸಣ್ಣ, ಮಧ್ಯಮ, ದೊಡ್ಡ ಹಿಡುವಳಿದಾರರು ಎಂದು ಹತ್ತು ಹತ್ತಾಗಿ ವಿಭಾಗಿಸಿದಲ್ಲಿಯೇ ಆ ಅರ್ಥಶಾಸ್ತ್ರಜ್ಞರ ವಿವೇಕವು ಪ್ರಕಟವಾಗುತ್ತದೆ. ‘ಸಣ್ಣ’ ಎಂಬುದಕ್ಕೆ ಆರೂರಿಗೂ ಒಂದೇ ಎಕರೆಯ ಅಳತೆಯನ್ನು ವಿಧಿಸದೆ, ಆಯಾ ಊರಿನ ಹಿಡುವಳಿಗಳ ಒಳಗೇ ಮೂರು ಪಾಲು ಮಾಡಿದರು. ಮೊದಲು ಊರು, ಅನಂತರ ಜಮೀನು. ಈ ಅನುಕ್ರಮವು ತಲೆಕೆಳಗಾಯಿತೆಂದರೆ ಒಂದೂರಿನ ಸಣ್ಣವನು ಇನ್ನೊಂದೂರಿನ ಮಧ್ಯಮನಾಗಿ ಲೆಕ್ಕವೆಲ್ಲ ಕಲಸಿಹೋಗುವುದು.

2009ರ ಅನಂತರ ಅಧ್ಯಯನವು ಭಾರತದ 30 ಊರುಗಳಿಗೆ ವಿಸ್ತರಿಸಿ, ನಮ್ಮ ವಿಜಯಪುರ ಜಿಲ್ಲೆಯ ಕಪನಿಂಬರಗಿ, ಮಾರ್ಕಬ್ಬಿನಹಳ್ಳಿಗಳೂ ತುಮಕೂರಿನ ಬೆಳ್ಳದಮಡುಗು, ತರಟಿಗಳೂ ಅದರೊಳಗೆ ಸೇರಿದುವು. ಯಜಮಾನನ ಹೆಸರು ಲೆಕ್ಕದಲ್ಲಿ ಕಾಣಕೂಡದಾದುದರಿಂದ, ದೇಶ, ರಾಜ್ಯ, ವರ್ಷ, ಊರು, ಮನೆ ಎಂಬ ಕ್ರಮದಲ್ಲಿ ಅಕ್ಷರಗಳನ್ನೂ ಅಂಕಿಗಳನ್ನೂ ಪೋಣಿಸಿ ಪ್ರತಿಯೊಂದು ಮನೆಗೂ ಒಂದು ಸಂಕೇತನಾಮವನ್ನು ಕಟ್ಟಿದರು. ಆಕ್ಲೆಂಡಿನ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1990ರ ದಶಕದ ಆದಿಯಲ್ಲಿ ರೂಪಿಸಿದ ‘ಆರ್’ ಎಂಬ ಗಣಕಭಾಷೆಯಲ್ಲಿ ಇಂತಹ ದತ್ತಾಂಶವನ್ನು ಬಿಡಿಸುವವರಿಗೆ ಎರಡು ದಾರಿಗಳುಂಟು. ‘ಪೇಸ್ಟ್’ ಎಂಬ ಆಜ್ಞೆಯಿಂದ ಹೆಸರನ್ನು ಹೊಸೆದು ‘ಅಸೈನ್’ನಿಂದ ಊರಿಗೊಂದರಂತೆ 30 ಬಿಡಿ ವಸ್ತುಗಳನ್ನು ಸೃಷ್ಟಿಸುವುದು ಒಂದು, ‘ಸ್ಪ್ಲಿಟ್’ನಿಂದ ಒಂದೇ ಪಟ್ಟಿಯೊಳಗೆ, ಪ್ರತಿ ಪಾಲಿಗೂ ಊರಿನ ಹೆಸರನ್ನು ತಗುಲಿಸಿ, ಎಲ್ಲವನ್ನೂ ಕೂಡಿಡುವುದು ಇನ್ನೊಂದು. ಹೊಸಬರು ಮೊದಲನೆಯದಕ್ಕೆ ಮಾರುಹೋಗುವರು. ಮೂವತ್ತನ್ನೂ ಒಮ್ಮೆಗೆ ಕೂಡಿಸಬೇಕಾದ ದಿನ ಒಂದೊಂದನ್ನೂ ಹೆಸರು ಹಿಡಿದು ಕರೆಯುವ ಪಾಡು ಅವರದಾಗುವುದು. ಮನೆಯ ಸಂಖ್ಯೆಯನ್ನು ಬರಿಯ ಅಂಕಿಯೆಂದು ಓದಿಸಿದರೆ 0007 ಎಂಬುದು 7 ಆಗಿ, ಮತ್ತೊಂದು ಕಡತದ 0007ರೊಡನೆ ಹೊಂದದೆ ಹೋಗುವ ಕಿರುಕುಳವು ಬೇರೆ.

ಇಷ್ಟಾದರೂ ಯಾವ ಆಜ್ಞೆಗೂ ಬಗ್ಗದ ವಿಭಜನೆಯೊಂದಿತ್ತು. 2001ರಲ್ಲಿ ಅಧ್ಯಯನದವರು ಹಳೆಯ ಆರೂರುಗಳಿಗೆ ಮರಳಿದಾಗ, 1975ರ ಹಿರಿಯರಲ್ಲಿ ಹಲವರು ಗತಿಸಿ, ಅಣ್ಣತಮ್ಮಂದಿರು ಹಿಸ್ಸೆಯಾಗಿ ಬೇರೆ ಬೇರೆ ಒಲೆ ಹೂಡಿದ್ದರು. ಮೂಲದ ಮನೆಗಳೊಡನೆ ಒಡೆದು ನಿಂತ ಮನೆಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು. ಆದರೆ ಯಾವ ಒಲೆಯು ಯಾವ ಮನೆಯದೆಂಬುದನ್ನು ಮಾತ್ರ ಊರಿನವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಾಯಿತು.