ದತ್ತು ಸಿಗದ ನರಗುಂದ, ದತ್ತು ಸಿಕ್ಕ ರಾಮದುರ್ಗ: ಒಂದೇ ಮನೆತನ, ಎರಡು ಗತಿ

ನರಗುಂದ: ಗುಡ್ಡದ ಮೇಲಿನ ಕೋಟೆಯನ್ನ ದಿನಾ ನೋಡ್ತೀವಿ. ಬಾಬಾಸಾಹೇಬರ ಹೆಸರೂ ಎಲ್ಲರಿಗೂ ಗೊತ್ತು. ಆದರೆ ನರಗುಂದ ಸಂಸ್ಥಾನ 1858ರಲ್ಲೇ ಮುಗಿದು ಹೋಯ್ತು, ಪಕ್ಕದ ರಾಮದುರ್ಗ ಮಾತ್ರ 1948ರವರೆಗೂ ಉಳಿಯಿತು. ಯಾಕೆ? ಇಲ್ಲಿದೆ ಮಾಹಿತಿ.

ಒಂದೇ ಮನೆತನ
ಎರಡೂ ಕಡೆ ಆಳುತ್ತಿದ್ದವರು ಭಾವೆ ಮನೆತನದವರು. ಪೇಶ್ವೆಗಳ ಕಾಲದಲ್ಲೇ ಆಸ್ತಿ ಎರಡು ಪಾಲಾಗಿತ್ತು. 1818ರಲ್ಲಿ ಪೇಶ್ವೆ ಆಡಳಿತ ಬಿದ್ದ ಮೇಲೆ ಇಬ್ಬರೂ ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂದರು.

ಅಧೀನ ಅಂದ್ರೆ ಏನು?
ಊರಿನ ಕಂದಾಯ, ನ್ಯಾಯ, ದಿನದ ಆಡಳಿತ ಸಂಸ್ಥಾನಿಕರದ್ದೇ. ಆದರೆ ಅವರ ಮೇಲೆ ಕಂಪನಿಯ ಪೊಲಿಟಿಕಲ್ ಏಜೆಂಟ್ ಅಂತ ಒಬ್ಬ ಅಧಿಕಾರಿ. ಬೇರೆ ಸಂಸ್ಥಾನದ ಜೊತೆ ವ್ಯವಹಾರ, ಸೈನ್ಯ, ವಾರಸುದಾರಿಕೆ ಇವೆಲ್ಲಾ ಕಂಪನಿ ಒಪ್ಪಿದರೆ ಮಾತ್ರ. ಅಂಗಡಿ ನಿಮ್ಮದೇ, ಆದರೆ ಮಗನ ಹೆಸರಿಗೆ ಮಾಡೋಕೆ ಇನ್ನೊಬ್ಬರ ಸಹಿ ಬೇಕು ಅಂದಂಗೆ.

ಮಕ್ಕಳಿಲ್ಲದ ಸಂಸ್ಥಾನಿಕ ದತ್ತು ತಗೊಂಡರೆ ಅದನ್ನ ಒಪ್ಪೋದು ಬಿಡೋದು ಕಂಪನಿಗೆ ಬಿಟ್ಟದ್ದು. ಒಪ್ಪದಿದ್ದರೆ ಸಂಸ್ಥಾನ ಕಂಪನಿಗೆ. ಕಿತ್ತೂರಿನಲ್ಲಿ 1824ರಲ್ಲೇ ಇದೇ ಜಗಳ ಯುದ್ಧಕ್ಕೆ ಹೋಗಿತ್ತು. 1848ರ ನಂತರ ಗವರ್ನರ್ ಜನರಲ್ ಡಾಲ್‌ಹೌಸಿ ಇದನ್ನೇ ನೀತಿ ಮಾಡಿಕೊಂಡು ಸತಾರಾ, ಝಾನ್ಸಿ, ನಾಗಪುರ ನುಂಗಿದ.

ನರಗುಂದದಲ್ಲಿ ನಡೆದದ್ದು
ಬಾಬಾಸಾಹೇಬ ಅಂದರೆ ಭಾಸ್ಕರರಾವ್ ಭಾವೆ ಅವರಿಗೆ ಗಂಡು ಸಂತಾನ ಉಳಿಯಲಿಲ್ಲ. ದತ್ತು ಕೇಳಿದರು, ಅನುಮತಿ ಸಿಗಲಿಲ್ಲ. ಇನ್ನೊಂದು ಕಡೆ ಇನಾಂ ಕಮಿಷನ್ ಈ ಭಾಗದ ಇನಾಂ ಜಮೀನುಗಳ ದಾಖಲೆ ಕೆದಕುತ್ತಿತ್ತು. ಅದರ ಮೇಲೆ 1857ರ ದಂಗೆಯ ನಂತರ ಆಯುಧ ಒಪ್ಪಿಸಿ ಅನ್ನೋ ಆದೇಶ.

ಆಗ ಪೊಲಿಟಿಕಲ್ ಏಜೆಂಟ್ ಆಗಿ ಬಂದವ ಚಾರ್ಲ್ಸ್ ಮ್ಯಾನ್ಸನ್. ಇನಾಂ ಕಮಿಷನ್‌ನಲ್ಲೂ ಕೆಲಸ ಮಾಡಿದವ, ಹಾಗಾಗಿ ಸಿಟ್ಟು ಮೊದಲೇ ಇತ್ತು. 1858ರ ಮೇ 29ರ ರಾತ್ರಿ ರಾಮದುರ್ಗ ಹತ್ತಿರದ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬರ ಕಡೆಯವರು ಅವನನ್ನ ಕೊಂದರು. ತಲೆ ನರಗುಂದದ ಅಗಸಿಗೆ ಬಂತು. ಕೆಲವೇ ದಿನದಲ್ಲಿ ಬ್ರಿಟಿಷ್ ಪಡೆ ಊರು, ಕೋಟೆ ಹಿಡಿಯಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರು ಸಿಕ್ಕಿಬಿದ್ದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನ ಧಾರವಾಡ ಜಿಲ್ಲೆಗೆ ಸೇರಿತು.

ಆಮೇಲೆ ಬದಲಾದ ನೀತಿ
1858ರ ನವೆಂಬರ್ 1ರಂದು ರಾಣಿ ವಿಕ್ಟೋರಿಯಾ ಘೋಷಣೆ ಬಂತು: ಇನ್ನು ಮುಂದೆ ಸಂಸ್ಥಾನಗಳನ್ನ ಸೇರಿಸಿಕೊಳ್ಳಲ್ಲ ಅಂತ. ವೈಸರಾಯ್ ಕ್ಯಾನಿಂಗ್ ಕಾಲದಲ್ಲಿ, ಮುಖ್ಯವಾಗಿ 1862ರಲ್ಲಿ, ಸಂಸ್ಥಾನಿಕರಿಗೆ ದತ್ತಕದ ಸನದುಗಳು ಸಿಕ್ಕವು. ದಂಗೆಗೆ ಒಂದು ಕಾರಣ ದತ್ತು ನಿರಾಕರಣೆಯೇ ಅಂತ ಬ್ರಿಟಿಷರಿಗೂ ಅರ್ಥವಾಗಿತ್ತು.

ಕಂಪನಿ ಕಡೆ ನಿಂತಿದ್ದ ರಾಮದುರ್ಗಕ್ಕೂ ಅಂಥ ಸನದು ದೊರೆಯಿತು. ಬಾಬಾಸಾಹೇಬರು ಕೇಳಿ ಕೇಳಿ ಪಡೆಯದ ಹಕ್ಕು, ಅವರು ಸತ್ತ ಮೇಲೆ ಅದೇ ಮನೆತನದ ಇನ್ನೊಂದು ಪಾಲಿಗೆ ಕಾಗದದ ಮೇಲೆ ಬಂತು.

ಹಾಗಂತ ರಾಮದುರ್ಗದ ಜನ ಸುಖವಾಗಿದ್ದರು ಅಂತಲ್ಲ. ಸಂಸ್ಥಾನಿಕರ ಗಾದಿಗೆ ಬ್ರಿಟಿಷರ ಭದ್ರತೆ ಇತ್ತು, ಪ್ರಜೆಗಳ ದೂರಿಗೆ ಅಂಥದ್ದೇನೂ ಇರಲಿಲ್ಲ. ಆ ಸಿಟ್ಟು 1939ರ ಏಪ್ರಿಲ್‌ನಲ್ಲಿ ರಾಮದುರ್ಗದಲ್ಲಿ ರಕ್ತಪಾತವಾಗಿ ಹೊರಬಿತ್ತು.

ನೆನಪಿಡಬೇಕಾದ ವರ್ಷಗಳು
1818: ಕಂಪನಿ ಅಧೀನಕ್ಕೆ
1858: ನರಗುಂದ ಬಂಡಾಯ, ಸಂಸ್ಥಾನ ಅಂತ್ಯ
1862: ದತ್ತಕದ ಸನದುಗಳು
1939: ರಾಮದುರ್ಗ ದುರಂತ
1948: ರಾಮದುರ್ಗ ಮುಂಬೈ ಪ್ರಾಂತ್ಯದಲ್ಲಿ ವಿಲೀನ

ಇವತ್ತು ನರಗುಂದ ಗದಗ ಜಿಲ್ಲೆಯಲ್ಲಿ, ರಾಮದುರ್ಗ ಬೆಳಗಾವಿ ಜಿಲ್ಲೆಯಲ್ಲಿ. ಸಂತೆಗೆ ಆ ಕಡೆ ಹೋದಾಗ ಸುರೇಬಾನದ ಹೆಸರಿನ ಬೋರ್ಡ್ ಕಂಡರೆ ಈ ಕಥೆ ನೆನಪಿರಲಿ.